ಬಾಂಬರ್ ವಿಮಾನದ ಗಡಿಯಾರದ ಹಲಗೆ

ಪಾಂಡವಪುರದ ನಮ್ಮ ಮನೆಯಲ್ಲಿ ಹೆಂಗಸರು ಪೊರಕೆ ಆಡಿಸಬಾರದ ಜಾಗ ಒಂದಿತ್ತು. ದೇವರ ಗೂಡು ಅಂದುಕೊಳ್ಳಬೇಡಿ. ದೇವರ ಗೂಡನ್ನು ಅವ್ವ ದಿನಾ ಬೆಳಿಗ್ಗೆ ಒರೆಸಿ, ರಂಗೋಲಿ ಎಳೆದು, ದೀಪ ಹಚ್ಚುತ್ತಿದ್ದಳು. ದೇವರಿಗೆ ಹೆಂಗಸಿನ ಕೈ ಆಗುತ್ತಿತ್ತು. ಆಗದೇ ಇದ್ದದ್ದು ಹಜಾರದ ಬಲಮೂಲೆಗೆ. ಬೀದಿ ಕಿಟಕಿಯ ಬೆಳಕು ನೇರವಾಗಿ ಬೀಳುತ್ತಿದ್ದ ಆ ಮೂಲೆಯಲ್ಲಿ ಅಪ್ಪ ಚಿನ್ನದ ಕೆಲಸಕ್ಕೆ ಕೂರುತ್ತಿದ್ದ. ಮುಂದೆ ಕೆಂಡದ ಅಗ್ಗಿಷ್ಟಿಕೆ, ಪಕ್ಕದಲ್ಲಿ ಊದುಗೊಳವೆ, ಇಕ್ಕಳ, ಅರ, ಒಡವೆ ಬಡಿಯಲು ಮರದ ಕೊರಡಿಗೆ ಕೂರಿಸಿದ ಪುಟ್ಟ ಅಡಿಗಲ್ಲು. ಅಲ್ಲಿ ಬಿದ್ದ ಧೂಳಿನಲ್ಲೂ ಗಿರಾಕಿಯ ಚಿನ್ನ ಇರುತ್ತದೆ ಅಂತ ಸಂಜೆ ಅಪ್ಪನೇ ಅದನ್ನು ಕುಂಚದಲ್ಲಿ ಬಳಿದು ಮಡಕೆಗೆ ತುಂಬುತ್ತಿದ್ದ. ನಾವು ಅಡುಗೆಮನೆಯಿಂದ ಬೀದಿಗೆ ಹೋಗಬೇಕಾದರೆ ಎಡಗೋಡೆ ಸವರಿಕೊಂಡು ಹೋಗಬೇಕು. ಅವ್ವನ ಸೆರಗು ಆ ಕಡೆ ಹಾರಿದರೂ ಸಾಕು, ಅಜ್ಜಿ, ಅಂದರೆ ಅಪ್ಪನ ತಾಯಿ, ಕೂತಲ್ಲಿಂದಲೇ ಕೂಗುತ್ತಿದ್ದಳು.

“ಏ, ಸೆರಗ ಎಳ್ಕೊಳೆ. ಮೂಲೆಗೆ ತಾಗ್ತದೆ.”

ಆ ಮನೆಗೆ ನಾನೊಬ್ಬಳೇ ಮಗಳು. ನನ್ನ ಹಿಂದೆ ಗಂಡು ಹುಟ್ಟಲಿಲ್ಲ. ಅಜ್ಜಿ ಮುದ್ದೆ ಮುರಿಯುವ ಮೊದಲು ಈ ವಿಷಯವನ್ನು ಒಮ್ಮೆ ಎತ್ತದೆ ಊಟ ಮಾಡಿದ್ದು ನನಗೆ ನೆನಪಿಲ್ಲ. ‘ಮೂಲೇಲಿ ಕೂರಕೆ ಒಂದು ಗಂಡು ಆಗ್ನಿಲ್ವಲ್ಲ’ ಅನ್ನುವಳು. ಅವ್ವ ಉಪ್ಸಾರಿನ ಬಟ್ಟಲನ್ನು ಬೇಕಂತಲೇ ಕುಕ್ಕಿ ಎದ್ದು ಹೋಗುವಳು. ಅಪ್ಪ ತಲೆ ಎತ್ತದೆ ಉಣ್ಣುವನು. ಹೆಣ್ಣುಮಕ್ಕಳಿಗೆ ಯಾಕೆ ಕಸುಬು ಹೇಳಿಕೊಡುವುದಿಲ್ಲ ಅಂತ ನಾನು ಕೇಳಿದಾಗ ಅಜ್ಜಿ ಕೊಟ್ಟ ಉತ್ತರ ಒಂದೇ: ನೀನು ಕಲಿತದ್ದನ್ನ ಗಂಡನ ಮನೆಗೆ ಗಂಟು ಕಟ್ಟಿಕೊಂಡು ಹೋಗ್ತೀಯ, ನಮ್ಮ ಕೈ ಗುಟ್ಟು ಇನ್ನೊಬ್ಬರ ಅಗ್ಗಿಷ್ಟಿಕೆಗೆ ಸೇರ್ತದೆ. ಕೇಳಿ ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು. ಆ ಮೂಲೆಯಲ್ಲಿ ಕೂರಬೇಕು ಅನ್ನುವುದನ್ನು ಬಿಟ್ಟು ಬಾಲ್ಯದಲ್ಲಿ ನಾನು ಬೇರೆ ಏನನ್ನೂ ಅಷ್ಟು ಆಸೆಪಡಲಿಲ್ಲ. ಬೇರೆ ಮಕ್ಕಳು ಜಾತ್ರೆ, ಸಿನಿಮಾ ಅಂತ ಹಟ ಮಾಡುತ್ತಿದ್ದಾಗ ನಾನು ಸ್ಲೇಟಿನ ಮೇಲೆ ಓಲೆ, ಮೂಗುಬೊಟ್ಟು, ಕಾಸಿನ ಸರ ಬರೆದು ಒರೆಸುತ್ತಿದ್ದೆ.

ಅಪ್ಪನಿಗೆ ನನ್ನ ಆಸೆ ಗೊತ್ತಿತ್ತು, ನನಗೆ ಅಪ್ಪನ ಗುಟ್ಟು ಗೊತ್ತಿತ್ತು. ವರ್ಷಾನುಗಟ್ಟಲೆ ಕೆಂಡ ಊದಿ ಅವನ ಕಣ್ಣಿಗೆ ಪೊರೆ ಬರುತ್ತಿತ್ತು. ಕನ್ನಡಕ ಹಾಕಿದರೂ ಸಣ್ಣದು ಕಾಣುತ್ತಿರಲಿಲ್ಲ. ಆಪರೇಷನ್ ಅಂದರೆ ಹೆದರಿ ಸಾಯುತ್ತಿದ್ದ. ಅಕ್ಕಸಾಲಿಗೆ ಕಣ್ಣು ಕಾಣಿಸಲ್ಲ ಅಂತ ಒಬ್ಬ ಗಿರಾಕಿಗೆ ಗೊತ್ತಾದರೆ ಸಾಕು, ಇನ್ನೊಬ್ಬ ಬರುವುದಿಲ್ಲ. ಹಾಗಾಗಿ ಆಟ ಆಡಿಸುವವನ ಹಾಗೆ ನನ್ನನ್ನು ಗೋಡೆಯ ಹತ್ತಿರಕ್ಕೆ ಕರೆಯುತ್ತಿದ್ದ.

“ಗಿರ್ಜಿ, ಈ ಗುಂಡಿನ ತೂತ ಯಾವ ಕಡೆ ಅದೆ ಯೋಳು ನೋಡಾನ.”

ನಾನು ಹೇಳುತ್ತಿದ್ದೆ. ಅಜ್ಜಿಗೆ ಅದು ಆಟ ಅಂತಲೇ ಕಾಣುತ್ತಿತ್ತು. ಗೋಡೆಯಿಂದ ಮೂಲೆಗೆ ಇನ್ನೊಂದು ಮಾರು ದೂರ ಇತ್ತು. ಅದನ್ನು ನಾನು ದಾಟಿದ್ದು ಒಂದು ವಿಮಾನದ ದೆಸೆಯಿಂದ ಅಂದರೆ ಈಗ ಯಾರೂ ನಂಬುವುದಿಲ್ಲ.

ಶ್ರೀರಂಗಪಟ್ಟಣದಲ್ಲಿ ಹೊಳೆ ದಂಡೆಯ ಬಂಗಲೆಯೊಂದರಲ್ಲಿ ಒಬ್ಬ ಶ್ರೀಮಂತರಿದ್ದರು. ಹಳೆಯ ಕಾರು, ಹಳೆಯ ಗ್ರಾಮಾಫೋನು, ತುಕ್ಕು ಹಿಡಿದ ಕೋವಿ, ಹಳೆಯದು ಅಂದರೆ ಆಯಿತು, ಜೀವ ಬಿಡುತ್ತಿದ್ದರು. ಜನ ಅವರನ್ನು ಬಂಗಲೆಯವರು ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಅವರ ಊರುಗೋಲಿನ ಬೆಳ್ಳಿ ಹಿಡಿಯನ್ನು ಹಿಂದೆ ಅಪ್ಪ ರಿಪೇರಿ ಮಾಡಿಕೊಟ್ಟಿದ್ದ. ಆ ನಂಬಿಕೆಯ ಮೇಲೆ ಒಂದು ಮಧ್ಯಾಹ್ನ ಜೀಪಿನಲ್ಲಿ ಬಂದರು. ಇಬ್ಬರು ಆಳುಗಳು ಗೋಣಿತಾಟು ಸುತ್ತಿದ ಒಂದು ಅಗಲವಾದ ಸಾಮಾನನ್ನು ಇಳಿಸಿ ಹಜಾರದಲ್ಲಿ ಇಟ್ಟರು. ಬಿಚ್ಚಿದರೆ ಕಪ್ಪು ಬಣ್ಣದ ಲೋಹದ ಹಲಗೆ, ಅದರ ತುಂಬ ದುಂಡಗಿನ ಗಡಿಯಾರಗಳು. ಕೆಲವಕ್ಕೆ ಗಾಜಿಲ್ಲ, ಕೆಲವಕ್ಕೆ ಮುಳ್ಳಿಲ್ಲ, ಕೆಲವುಗಳ ಅಂಕಿಗಳೇ ಅಳಿಸಿಹೋಗಿವೆ. ಯುದ್ಧಕಾಲದ ಬಾಂಬರ್ ವಿಮಾನವೊಂದರ ಮೂತಿಯನ್ನು ಅವರು ಗುಜರಿಯವರಿಂದ ಕೊಂಡಿದ್ದರಂತೆ. ಇದು ವಿಮಾನ ಓಡಿಸುವವನ ಮುಂದೆ ಇರುವ ಹಲಗೆಯಂತೆ. ಎತ್ತರ ಎಷ್ಟು, ವೇಗ ಎಷ್ಟು, ದಿಕ್ಕು ಯಾವುದು, ಎಣ್ಣೆ ಎಷ್ಟಿದೆ, ಎಲ್ಲ ಇದರಲ್ಲಿ ನೋಡುತ್ತಿದ್ದರಂತೆ. ನಾವು ಅದನ್ನು ಕೊನೆಯವರೆಗೂ ಗಡಿಯಾರದ ಹಲಗೆ ಅಂತಲೇ ಕರೆದೆವು.

“ಆಚಾರ್ರೇ, ಮುರಿದದ್ದನ್ನ ಕೂಡಿಸಿ, ಅಳಿಸಿದ್ದನ್ನ ಬರೀರಿ. ಆದರೆ ಹೊಸದು ಮಾಡಬೇಡಿ. ಈ ಗೀರು, ಈ ಕಲೆ, ಸವೆದ ಬಣ್ಣ, ಎಲ್ಲ ಹಾಗೇ ಇರಬೇಕು. ಅರ್ಥ ಆಯ್ತಾ?”

“ಆಯ್ತು ಬುಡಿ ಸ್ವಾಮಿ.”

ಎಲ್ಲಿ ಆಗಿತ್ತು, ಮಣ್ಣು! ನಮ್ಮ ಮನೆಯಲ್ಲಿ ಮಾಸಲು ಒಡವೆ ಹೊಸ್ತಿಲು ದಾಟುವಂತೆಯೇ ಇರಲಿಲ್ಲ. ಯಾರಾದರೂ ಸರದ ಕೊಂಡಿ ಒಂದನ್ನೇ ಬೆಸೆಯಲು ಕೊಟ್ಟರೂ, ಕೊಡುವ ದಿನ ಅಪ್ಪ ಇಡೀ ಸರವನ್ನು ಅಂಟುವಾಳದ ನೊರೆಯಲ್ಲಿ ಕುದಿಸಿ, ಹಂದಿ ಕೂದಲಿನ ಬ್ರಷ್ಷಿನಲ್ಲಿ ಉಜ್ಜಿ, ಗುಲಾಬಿ ಬಣ್ಣದ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಕಾಗದ ಬಿಚ್ಚಿದಾಗ ಹೊಳಪು ಗಿರಾಕಿಯ ಕಣ್ಣಿಗೆ ಹೊಡೆಯದಿದ್ದರೆ ಅಕ್ಕಸಾಲಿ ಕೆಲಸವನ್ನೇ ಮಾಡಿಲ್ಲ ಅನ್ನುವುದು ಅಪ್ಪನ ಲೆಕ್ಕ, ಅವನ ಅಪ್ಪನ ಲೆಕ್ಕ. ಕೊಳೆ ಹಾಗೇ ಇರಲಿ ಅಂತ ಗಿರಾಕಿ ಬಾಯಿಬಿಟ್ಟು ಹೇಳಿದರೆ ಅದನ್ನು ದೊಡ್ಡವರ ಸಂಕೋಚ ಅಂದುಕೊಳ್ಳುವ ಜನ ನಾವು.

ಅಪ್ಪ ಆ ಕೆಲಸ ಒಪ್ಪಿಕೊಂಡದ್ದಕ್ಕೆ ಕಾರಣ ಇತ್ತು. ಆ ಹೊತ್ತಿಗೆ ನಾಗಮಂಗಲದ ಕಡೆಯವರೂ ಮದುವೆ ಒಡವೆಗೆ ಮೈಸೂರಿನ ಬಸ್ಸು ಹತ್ತುತ್ತಿದ್ದರು. ಅಲ್ಲಿ ಗಾಜಿನ ಬಾಗಿಲ ಅಂಗಡಿ, ಒಳಗೆ ಹೋದರೆ ತಣ್ಣಗೆ ಫ್ಯಾನು, ಕೈಗೆ ಕೂಲ್ ಡ್ರಿಂಕ್ಸು, ರೆಡಿಮೇಡ್ ಸರ. ನಮ್ಮ ಅಗ್ಗಿಷ್ಟಿಕೆ ವಾರದ ಅರ್ಧ ದಿನಗಳಲ್ಲಿ ತಣ್ಣಗೆ ಇರುತ್ತಿತ್ತು. ಆದರೆ ಅಜ್ಜಿಗೆ ಹಲಗೆ ಕಂಡರೆ ಆಗಲಿಲ್ಲ.

“ಬಾಂಬು ಆಕಿದ್ದಂತೆ. ಎಷ್ಟು ಎಣ ಬೀಳ್ಸದೋ. ಇದ್ನ ಯಾಕ್ಲಾ ಒಳೀಕ್ ತಂದೆ?”

ಅರಿಶಿನದ ನೀರು ಚಿಮುಕಿಸಿದಳು, ನಿವಾಳಿಸಿದಳು. ಅಪ್ಪನಿಗಿದ್ದ ಚಿಂತೆ ಬೇರೆ. ಹಲಗೆಯ ತುಂಬ ಇಂಗ್ಲಿಷ್ ಅಕ್ಷರ. ಲೋಹದಲ್ಲಿ ಕೊರೆದು ಬಿಳಿ ಬಣ್ಣ ತುಂಬಿದ್ದು. ಬಣ್ಣ ಉದುರಿಹೋಗಿದೆ, ಮತ್ತೆ ತುಂಬಬೇಕು. ಗಡಿಯಾರದ ಅಂಕಿ ಬರೆಯಬೇಕು. ಅಪ್ಪನಿಗೆ ಇಂಗ್ಲಿಷ್ ಬರದು, ಬಂದರೂ ಕಣ್ಣು ಬರದು. ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದೆ. ಮಾರನೆಯ ದಿನ ಬೆಳಿಗ್ಗೆ ಅಪ್ಪ ಮೂಲೆಯಲ್ಲಿ ತನ್ನ ಪಕ್ಕಕ್ಕೆ ಒಂದು ಮಣೆ ಹಾಕಿ ನನ್ನನ್ನು ಕರೆದ. ಅಜ್ಜಿ ಎದ್ದು ನಿಂತೇಬಿಟ್ಟಳು.

“ಎಣ್ಣುಮಗೀನ ಮೂಲೇಲಿ ಕೂರುಸ್ತೀಯಾ? ತಲೆ ಕೆಟ್ಟದಾ?”

“ಸುಮ್ಕಿರವ್ವ. ಇದೇನ್ ಚಿನ್ನನಾ? ತಗಡು. ತಗಡ ಮುಟ್ಟಕೆ ಮಗಿಗೇನ್ ಅಡ್ಡಿ?”

ಅಜ್ಜಿ ಗೊಣಗುತ್ತ ಮತ್ತೆ ಕೂತಳು. ಚಿನ್ನಕ್ಕೆ ಕಟ್ಟಳೆ ಇತ್ತು, ತಗಡಿಗೆ ಇರಲಿಲ್ಲ. ಹಾಗೆ ನಾನು ಆ ಮೂಲೆಗೆ ಹೋಗಿ ಕೂತೆ. ಎದೆ ಹೊಡೆದುಕೊಳ್ಳುತ್ತಿದ್ದ ಸದ್ದು ಅಪ್ಪನಿಗೆ ಕೇಳಿಸೀತು ಅಂತ ನಾಚಿಕೆಯಾಯಿತು.

ಬೇಸಿಗೆ ರಜೆ ಪೂರ್ತಿ, ಆಮೇಲೆ ಶಾಲೆ ಬಿಟ್ಟ ಮೇಲಿನ ಸಂಜೆಗಳು, ನಾವಿಬ್ಬರೂ ಆ ಹಲಗೆಯ ಮುಂದೆ ಕೂತೆವು. ಅಪ್ಪ ಗಡಿಯಾರಗಳನ್ನು ಒಂದೊಂದಾಗಿ ಬಿಚ್ಚಿ ತಟ್ಟೆಯಲ್ಲಿಟ್ಟ. ಗಾಜು ಕೂರುವ ಅಂಚಿನ ಮುರಿದ ಬಳೆಗಳ ಬದಲು ಹಿತ್ತಾಳೆಯಲ್ಲಿ ಬಳೆ ಸುತ್ತಿ ಬೆಸೆದ. ತಗಡಿನಲ್ಲಿ ಮುಳ್ಳು ಕತ್ತರಿಸಿದ. ಕತ್ತರಿಸಿದ್ದು ನೇರ ಇದೆಯೇ ಅಂತ ನಾನು ನೋಡಿ ಹೇಳುತ್ತಿದ್ದೆ. ಫೋಟೋಗೆ ಕಟ್ಟು ಹಾಕುವವನ ಹತ್ತಿರ ಗಾಜು ದುಂಡಗೆ ಕತ್ತರಿಸಿಕೊಂಡು ಬಂದ. ಅಂಕಿ ಬರೆಯುವುದು ನನ್ನ ಪಾಲು. ಅಳಿಲಿನ ಬಾಲದ ನಾಲ್ಕೇ ಕೂದಲಿನ ಕುಂಚವನ್ನು ಅಪ್ಪ ಕಟ್ಟಿಕೊಟ್ಟ. ಉಸಿರು ಬಿಗಿಹಿಡಿದು ಗೆರೆ ಎಳೆಯಬೇಕು, ಗೆರೆ ಮುಗಿದ ಮೇಲೆ ಉಸಿರು ಬಿಡಬೇಕು. ಅದು ಅಪ್ಪ ಹೇಳಿಕೊಟ್ಟ ಮೊದಲ ಪಾಠ. ಮಣಿಕಟ್ಟನ್ನು ಮಂಡಿಗೆ ಆನಿಸು, ಬೆರಳಲ್ಲಿ ಬರೀಬೇಡ, ಮಣಿಕಟ್ಟಲ್ಲಿ ಬರಿ ಅನ್ನುವುದು ಎರಡನೆಯದು. ಚಿನ್ನದ ಕೆಲಸದ್ದೂ ಇದೇ ಪಾಠ ಅಂತ ನನಗೆ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು, ಅಜ್ಜಿಗೆ ಮಾತ್ರ ಗೊತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಊಟದ ಮನೆಯಲ್ಲೂ ಒಂದು ವಿಚಿತ್ರ ನಡೆಯಿತು. ನಮ್ಮ ಮನೆಯಲ್ಲಿ ಮುದ್ದೆಗೆ ತುಪ್ಪ ಬೀಳುತ್ತಿದ್ದದ್ದು ಅಪ್ಪನಿಗೊಬ್ಬನಿಗೆ. ಒಂದು ದಿನ ಅಪ್ಪ ತನ್ನ ತಟ್ಟೆಗೆ ಕೈ ಅಡ್ಡ ಇಟ್ಟು ಅವ್ವನಿಗೆ ಹೇಳಿದ:

“ಮಗಿಗೂ ತುಪ್ಪ ಬುಡು. ಕಣ್ಣಿನ ಕೆಲಸ ಮಾಡ್ತದೆ.”

ಅವ್ವ ನನ್ನ ಮುದ್ದೆಗೆ ಗುಂಡಿ ತೋಡಿ ತುಪ್ಪ ಬಿಟ್ಟಳು. ಅಜ್ಜಿ ಮುಖ ತಿರುಗಿಸಿದಳು. ಆ ತುಪ್ಪದ ರುಚಿಗಿಂತ ಆ ಮಾತು ನನಗೆ ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ. ನಾನು ಕೆಲಸದವಳಾಗಿದ್ದೆ. ಆ ದಿನಗಳಷ್ಟು ಸುಖವಾಗಿ ನಾನು ಮತ್ತೆ ಯಾವತ್ತೂ ಇರಲಿಲ್ಲ, ಮದುವೆಯಾದ ಮೇಲೂ ಇಲ್ಲ, ಮಕ್ಕಳಾದ ಮೇಲೂ ಇಲ್ಲ.

ಹಲಗೆಯ ಕೆಳಗಿನ ಅಂಚಿನಲ್ಲಿ, ಎಡಗಡೆ, ಯಾರೋ ಮೊಳೆಯಲ್ಲೋ ಚಾಕುವಿನ ತುದಿಯಲ್ಲೋ ಒಂದು ಹೆಸರು ಗೀಚಿದ್ದರು. ಕೂದಲೆಳೆಯಂಥ ಗೀರು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು. ನಾನು ಅಕ್ಷರ ಕೂಡಿಸಿ ಓದಿದೆ: ಎಲ್ಸಿ. ಹೆಂಗಸಿನ ಹೆಸರು ಅಂತ ನಮ್ಮ ಮೇಷ್ಟರು ಹೇಳಿದರು. ವಿಮಾನ ಓಡಿಸುವವನ ಹೆಂಡತಿಯೋ, ಮದುವೆಯಾಗಬೇಕಾದ ಹುಡುಗಿಯೋ. ನಾನು ದಿನಾ ಕೆಲಸ ಶುರುಮಾಡುವ ಮೊದಲು ಆ ಹೆಸರನ್ನು ಒಮ್ಮೆ ನೋಡುತ್ತಿದ್ದೆ.

ನಡುವೆ ಒಂದು ಸಲ ಬಂಗಲೆಯವರು ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಬಂದರು. ನಾನು ಎದ್ದು ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ. ಅವರು ತಟ್ಟೆಯಿಂದ ಒಂದು ಗಡಿಯಾರ ಎತ್ತಿಕೊಂಡು ಕಿಟಕಿಗೆ ಹಿಡಿದು ನೋಡಿದರು. ಅವರ ಮುಖ ಅರಳಿತು.

“ಅಬ್ಬಬ್ಬಾ! ಯಾರು ಬರೆದದ್ದು ಈ ಅಂಕಿ?”

“ನಾನೇ ಸ್ವಾಮಿ,” ಅಂದ ಅಪ್ಪ.

ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ನನಗೆ ನಗು ಬಂತು. ಕಣ್ಣಿನ ವಿಷಯ ಮುಚ್ಚಿಡಬೇಕಲ್ಲ, ಅದಕ್ಕೆ ಹಾಗೆ ಹೇಳಿದ ಅಂತ ನನಗೆ ಗೊತ್ತಿತ್ತು. ಅಪ್ಪನ ಜೊತೆ ಸೇರಿ ಗುಟ್ಟು ಕಾಯುವುದು ನನಗೆ ಹೆಮ್ಮೆಯಾಗಿತ್ತು. ಬಂಗಲೆಯವರು ಹಲಗೆಯ ಅಂಚನ್ನು ತಟ್ಟಿ ತೋರಿಸಿದರು.

“ಇಲ್ಲೊಂದು ಹೆಸರು ಗೀಚಿದಾನೆ ನೋಡಿ, ಎಲ್ಸಿ ಅಂತ. ಇದಕ್ಕೋಸ್ಕರಾನೇ ನಾನು ಇದನ್ನ ಕೊಂಡದ್ದು. ಹುಷಾರು.”

“ನೋಡಿವ್ನಿ ಬುಡಿ ಸ್ವಾಮಿ,” ಅಂದ ಅಪ್ಪ, ಹಲಗೆಯ ಬೇರೆ ಮೂಲೆಯನ್ನು ನೋಡುತ್ತ.

ಅವರು ಹೋದ ಮೇಲೆ ಅಪ್ಪ ನನ್ನನ್ನು ಮತ್ತೆ ಮಣೆಯ ಮೇಲೆ ಕೂರಿಸಿ, ಅಜ್ಜಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ:

“ಇದು ಬಂಗ್ಲೆಯೋರ ಮನ್ಸಿಗೆ ಬಂದ್ಬುಡ್ಲಿ. ಆಮೇಲೆ ನಿನ್ನ ಚಿನ್ನಕ್ಕೇ ಕೂರುಸ್ತೀನಿ ಕಣವ್ವ. ಯಾವನ್ ಏನಂತಾನೋ ನಾನೂ ನೋಡ್ತೀನಿ.”

ಅವ್ವ ಒಳಗಿನಿಂದ ಬಂದು ಅಪ್ಪನ ಮುಖವನ್ನೇ ನೋಡಿದಳು. ಅಪ್ಪ ಮಾತು ಕೊಟ್ಟಿದ್ದ. ನನಗೆ ಇನ್ನೇನು ಬೇಕಿತ್ತು?

ಕೆಲಸ ಮುಗಿಯಲು ಬಂದಿತ್ತು. ಗಡಿಯಾರಗಳೆಲ್ಲ ತಯಾರಾಗಿ ತಟ್ಟೆಯಲ್ಲಿದ್ದವು. ಬರಿದಾದ ಹಲಗೆಯ ಅಕ್ಷರಗಳಿಗೆ ನಾನು ಬಿಳಿ ತುಂಬಿ ಮುಗಿಸಿದ್ದೆ. ಇನ್ನು ಗಡಿಯಾರಗಳನ್ನು ಅವುಗಳ ಜಾಗಕ್ಕೆ ಕೂರಿಸಿ ತಿರುಪು ಹಾಕುವುದಷ್ಟೇ ಬಾಕಿ. ಆ ವಾರವೇ ನಾನು ದೊಡ್ಡವಳಾದೆ. ಹೊಣಕೆರೆಯಿಂದ ಸೋದರಮಾವ ಹಸಿ ಸೊಪ್ಪು, ತೆಂಗಿನ ಗರಿ ತಂದು ಹಿತ್ತಲಲ್ಲಿ ಗುಡ್ಲು ಹಾಕಿದ. ನನಗೊಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಯಾರನ್ನೂ ಮುಟ್ಟುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ, ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಅವ್ವ ಕೊಬ್ಬರಿ, ಬೆಲ್ಲ, ಚಿಗಳಿ ಉಂಡೆಗಳನ್ನು ಎತ್ತರದಿಂದ ತಟ್ಟೆಗೆ ಹಾಕಿ ಹೋಗುತ್ತಿದ್ದಳು. ಬೀದಿಯ ಹೆಂಗಸರು ಬಂದು ಹಾಡು ಹೇಳಿ, ನನ್ನನ್ನು ಗೇಲಿ ಮಾಡಿ ಹೋಗುತ್ತಿದ್ದರು. ನನಗೆ ಅದ್ಯಾವುದೂ ಬೇಡವಾಗಿತ್ತು. ಆ ತಿರುಪುಗಳನ್ನು ಅಪ್ಪ ಒಬ್ಬನೇ ಹೇಗೆ ಹಾಕುತ್ತಾನೆ ಅನ್ನುವುದೇ ಚಿಂತೆಯಾಗಿತ್ತು.

ಗುಡ್ಲಿನ ಗರಿಯ ಸಂದಿನಿಂದ ಬಚ್ಚಲ ಒಲೆ, ಬಟ್ಟೆ ಒಗೆಯುವ ಕಲ್ಲು ಎರಡೂ ಕಾಣುತ್ತಿದ್ದವು. ಒಂದು ಬೆಳಿಗ್ಗೆ ಅಪ್ಪ ಬಚ್ಚಲ ಒಲೆಗೆ ದೊಡ್ಡ ಬಾಣಲೆ ಏರಿಸಿ, ಅಂಟುವಾಳ ಹಾಕಿ, ಅದಕ್ಕೆ ವಾಷಿಂಗ್ ಸೋಡ ಸುರಿದ. ಆಮೇಲೆ ಹಲಗೆಯನ್ನು ಎತ್ತಿಕೊಂಡು ಬಂದು ಕಲ್ಲಿನ ಮೇಲೆ ಒರಗಿಸಿ, ಆ ಬಿಸಿನೀರನ್ನು ಚೊಂಬಿನಲ್ಲಿ ಹೊಯ್ದ. ಬರೀ ತೊಳೆಯುವ ಉದ್ದೇಶ ಮಾತ್ರ ಅವನಿಗಿತ್ತು ಅಂತ ನಾನು ಈಗಲೂ ನಂಬುತ್ತೇನೆ. ಆದರೆ ಸೋಡದ ಬಿಸಿಗೆ ಒಂದು ಮೂಲೆಯಲ್ಲಿ ಕಪ್ಪು ಬಣ್ಣ ಎದ್ದು, ಕೆಳಗಿನ ಲೋಹ ಬಿಸಿಲಿಗೆ ಫಳ್ಳನೆ ಹೊಳೆಯಿತು. ಅಷ್ಟು ಸಾಕಾಯಿತು. ಹೊಳಪು ಕಂಡ ಅಕ್ಕಸಾಲಿ ಕೈ ನಿಲ್ಲಿಸುವುದುಂಟೇ? ಅಪ್ಪ ಪಂಚೆ ಮೇಲಕ್ಕೆ ಕಟ್ಟಿ, ತೆಂಗಿನ ನಾರಿಗೆ ಇಟ್ಟಿಗೆ ಪುಡಿ ಅದ್ದಿಕೊಂಡು ಉಜ್ಜಲು ಶುರುಮಾಡಿದ.

ನಾನು ಗರಿಯ ಸಂದಿಗೆ ಬಾಯಿಟ್ಟು ಕೂಗಿದೆ.

“ಅಪ್ಪಾ, ಬ್ಯಾಡ ಕಣಪ್ಪ! ಬಣ್ಣ ಎದ್ದೋಯ್ತಾ ಅದೆ! ಅಂಗೇ ಇರ್ಲಿ ಅಂದವ್ರಲ್ಲ ಅವ್ರು! ಆ ಎಸ್ರು ಅಳ್ಸೋಯ್ತದೆ, ನಿಲ್ಸಪ್ಪ!”

ಅಪ್ಪನ ಕೈ ಒಂದು ಗಳಿಗೆ ನಿಂತಿತು. ಕೇಳಿಸಿತು ಅವನಿಗೆ. ತಿರುಗಿ ನೋಡಲಿಲ್ಲ, ನೋಡುವಂತಿರಲಿಲ್ಲ. ಮತ್ತೆ ಉಜ್ಜತೊಡಗಿದ. ಕೂಗು ಕೇಳಿ ಅಜ್ಜಿ ಓಡಿಬಂದಳು.

“ಬಾಯ್ ಮುಚ್ಚೆ! ಗುಡ್ಲಲ್ಲಿ ಕುಂತೋಳು ಗಂಡಸ್ರ ಕೂಗ್ತಾರಾ?”

“ಅಜ್ಜೀ, ನೀನಾದ್ರೂ ಯೋಳು. ಕೆಲ್ಸ ಎಲ್ಲ ಆಳಾಗೋಯ್ತದೆ.”

“ಕಸುಬ್ದಾರ ಕಣೆ ಅವ್ನು. ನಿನ್ನ ಕೇಳ್ಕಂಡು ತೊಳೀಬೇಕಾ? ಒಂದೆಜ್ಜೆ ಆಚಿಕ್ ಇಡು, ಕಾಲ್ ಮುರೀತೀನಿ.”

ಕೈಯಲ್ಲಿ ಕೋಲು ಹಿಡಿದು ಗುಡ್ಲಿನ ಬಾಯಿಗೇ ಕೂತುಬಿಟ್ಟಳು. ನಾನು ಸಂದಿನಿಂದ ನೋಡುತ್ತ, ಅಳುತ್ತ, ಆ ಕಪ್ಪು ನೀರು ಬಚ್ಚಲ ಮೋರಿಗೆ ಹರಿದು ಹೋಗುವುದನ್ನು ನೋಡಿದೆ. ಅಪ್ಪ ಹಲಗೆಯನ್ನು ತಿರುಗಿಸಿ ತಿರುಗಿಸಿ ಉಜ್ಜಿದ, ಅಂಚುಗಳನ್ನು ಇನ್ನೂ ಜೋರಾಗಿ ಉಜ್ಜಿದ. ಕೊನೆಗೆ ಒಡವೆಗೆ ಮೆರುಗು ಕೊಡುವ ನುಣ್ಣನೆಯ ಕಲ್ಲು ತಂದು ತೀಡಿದ. ನನ್ನ ಬಿಳಿ ಅಕ್ಷರ ಒಂದೂ ಉಳಿಯಲಿಲ್ಲ. ಬಿಸಿಲಿನಲ್ಲಿ ಹಲಗೆ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಅಪ್ಪನ ಮುಖವೂ ಹೊಳೆಯುತ್ತಿತ್ತು. ಅಷ್ಟು ದೊಡ್ಡ ಹೊಳಪು ಅವನ ಕಣ್ಣಿಗೂ ಕಂಡಿತ್ತಲ್ಲ, ಅದಕ್ಕೆ.

ನನಗೆ ನೀರು ಹಾಕಿ, ಆರತಿ ಎತ್ತಿ ಒಳಗೆ ಕರೆದುಕೊಂಡ ಮಾರನೆಯ ದಿನ ಬಂಗಲೆಯವರು ಬಂದರು. ಅಪ್ಪ ಗುಲಾಬಿ ಕಾಗದದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿಕೊಂಡು ಇಡೀ ಹಲಗೆಯನ್ನು ಸುತ್ತಿ, ಮೇಲೆ ಕುಂಕುಮ ಇಟ್ಟಿದ್ದ. ಜೀಪು ಕಂಡು ಬೀದಿಯ ನಾಲ್ಕೈದು ಜನ ಅಕ್ಕಸಾಲಿಗಳು ಬಾಗಿಲಲ್ಲಿ ಬಂದು ನಿಂತಿದ್ದರು. ಅಪ್ಪ ಎಲ್ಲರಿಗೂ ಕಾಣುವಂತೆ ಕಾಗದ ಬಿಚ್ಚಿದ.

“ನೋಡಿ ಸ್ವಾಮಿ, ಎಂಗದೆ.”

ಬಂಗಲೆಯವರು ಹಲಗೆಯ ಸುತ್ತ ಒಂದು ಸುತ್ತು ಬಂದರು. ಆಮೇಲೆ ಬಗ್ಗಿ ಹಲಗೆಯ ಎಡ ಅಂಚಿನ ಮೇಲೆ ಬೆರಳಿಟ್ಟರು.

“ಹೆಸರೆಲ್ಲಿ ಆಚಾರ್ರೇ? ಇಲ್ಲಿತ್ತಲ್ಲ ಎಲ್ಸಿ ಅಂತ, ಎಲ್ಲಿ ಹೋಯ್ತು?”

ಅಪ್ಪನೂ ಬಗ್ಗಿದ. ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಸವರಿದ. ನುಣ್ಣಗಿತ್ತು. ಅವನಿಗೆ ಆಗ ಅರ್ಥವಾಯಿತು. ಕತ್ತಿನ ನರ ಎದ್ದು ನಿಂತದ್ದು ನನಗೆ ಅಡುಗೆಮನೆ ಬಾಗಿಲಿನಿಂದಲೂ ಕಂಡಿತು.

“ಯಾರ್ರೀ ಮಾಡಿದ್ದು ಇದನ್ನ? ಅಷ್ಟು ಹೇಳಿದ್ದೆನಲ್ಲ ನಾನು! ಕಣ್ಣು ಕಾಣಿಸಲಿಲ್ವೇ?”

ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪ ಆ ಮುಖಗಳನ್ನು ನೋಡಿದ. ಆಮೇಲೆ ನನ್ನ ಕಡೆ ಕೈ ತೋರಿಸಿದ.

“ನಾನಲ್ಲ ಸ್ವಾಮಿ. ನಾನು ಕೆ.ಆರ್.ಪೇಟೆಗೆ ಓಗಿದ್ದೆ, ಈ ಎಣ್ಣುಮಗ ಉಜ್ಜಿಬುಡ್ತು. ಅದಕ್ಕೆ ಗೊತ್ತಾಗ್ನಿಲ್ಲ.”

ನಾನು ಅಜ್ಜಿಯ ಕಡೆ ನೋಡಿದೆ. ಕೋಲು ಹಿಡಿದು ಕಾವಲು ಕೂತವಳು ಅವಳು. ನಾನು ಒಂದು ಲೋಟವನ್ನೂ ಮುಟ್ಟದೆ ಗುಡ್ಲಲ್ಲಿ ಬಿದ್ದಿದ್ದೆ ಅಂತ ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದಳು, ಕುಟ್ಟುತ್ತಲೇ ಇದ್ದಳು. ಅವ್ವನ ಕಡೆ ನೋಡಿದೆ. ಅವ್ವ ನನ್ನ ತೋಳು ಹಿಡಿದುಕೊಂಡಳು, ಬಿಗಿಯಾಗಿ, ಉಗುರು ನಾಟುವ ಹಾಗೆ. ಅದು ಸಮಾಧಾನದ ಹಿಡಿತ ಅಲ್ಲ, ಬಾಯಿ ಬಿಡಬೇಡ ಅನ್ನುವ ಹಿಡಿತ. ಇಡೀ ವಾರ ಒಂದು ಸೂಜಿಯನ್ನೂ ಮುಟ್ಟಬಾರದ ಮೈಲಿಗೆ ನನ್ನದು, ಅಪ್ಪನ ಸುಳ್ಳಿಗೆ ಬೇಕಾದಾಗ ಮಾತ್ರ ನನ್ನ ಕೈ ಅಷ್ಟು ದೊಡ್ಡ ಹಲಗೆಯನ್ನು ಮುಟ್ಟಬಹುದಿತ್ತು!

“ನೀನಾ ಮಗು?” ಅಂತ ಕೇಳಿದರು ಬಂಗಲೆಯವರು.

ಅವರು ನನ್ನ ಉತ್ತರಕ್ಕೆ ಕಾಯಲೂ ಇಲ್ಲ. ಗಡಿಯಾರಗಳ ತಟ್ಟೆಯನ್ನು ಎತ್ತಿಕೊಳ್ಳುತ್ತ ಅಪ್ಪನಿಗೆ ಹೇಳಿದರು:

“ಇಂಥದ್ದನ್ನ ಮಕ್ಕಳ ಕೈಗೆ ಸಿಗೋ ಹಾಗೆ ಇಡ್ತಾರೇನ್ರೀ? ಅಂಕಿಗಳನ್ನ ಎಷ್ಟು ಚೆನ್ನಾಗಿ ಬರೆದಿದ್ರಿ ನೀವು. ಛೆ.”

ಅಪ್ಪ ಕೈ ಮುಗಿದ. ಆ ಮೆಚ್ಚುಗೆಗೂ ಕೈ ಮುಗಿದನಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಜೀಪು ಹೋಯಿತು. ಬಾಗಿಲಲ್ಲಿದ್ದವರು ‘ಎಣ್ಣುಡ್ಗೀನ ಮೂಲೇಲಿ ಕೂರ್ಸುದ್ರೆ ಇಂಗೇ ಆಗಾದು’ ಅಂದುಕೊಂಡು ಚದುರಿದರು. ಅಪ್ಪ ಇಡೀ ದಿನ ಊಟ ಮಾಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಮಾರನೆಯ ದಿನ ನಾನು ಎಂದಿನ ಹಾಗೆ ಮೂಲೆಗೆ ಹೋದೆ. ನನಗೆ ಒಳಗೊಳಗೇ ಒಂದು ಆಸೆ ಇತ್ತು. ಯಾರೂ ಇಲ್ಲದಾಗ ಅಪ್ಪ ನನ್ನ ತಲೆ ಸವರುತ್ತಾನೆ, ‘ಏನ್ ಮಾಡಾದವ್ವ, ಕಣ್ಣಿನ ವಿಸ್ಯ’ ಅನ್ನುತ್ತಾನೆ, ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೆ ಅಂತ. ಅಷ್ಟು ಅಂದಿದ್ದರೆ ನಾನು ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದೆ, ದೇವರಾಣೆ.

“ಒಳೀಕ್ ಓಗವ್ವ,” ಅಂದ ಅಪ್ಪ, ಅರದಿಂದ ಕಣ್ಣೆತ್ತದೆ.

“ಕೂರುಸ್ತೀನಿ ಅಂದಿದ್ದೆ ನೀನು.”

“ಅಂದಿದ್ದೆ. ಈಗ ಎಂಗ್ ಕೂರ್ಸಾದು? ನೀನಿಲ್ಲಿ ಕುಂತಿರಾದ ಕಂಡ್ರೆ ಯಾವ್ ಗಿರಾಕಿ ಒಡ್ವೆ ಕೊಟ್ಟಾನು?”

ಒಳಗೆ ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಮುದ್ದೆ ಕೋಲು ಕೈಗೆ ಕೊಟ್ಟಳು. ‘ಅಪ್ಪನ ಕಣ್ಣು ಓಗದೆ ಅಂತ ಬೀದಿಗೆ ಗೊತ್ತಾದ್ರೆ ನಮ್ಮನೆ ಒಲೆ ಉರಿಯಕಿಲ್ಲ ಕಣವ್ವ. ನಿನ್ನ ಎಸ್ರಾದ್ರೆ ಎಂಗೂ ನಾಳೆ ಇನ್ನೊಂದು ಮನೆಗೆ ಓಗಾದು’ ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ನನ್ನ ಮುದ್ದೆಗೆ ತುಪ್ಪ ಬೀಳಲಿಲ್ಲ. ಯಾರೂ ಬೇಡ ಅಂದದ್ದಲ್ಲ. ಯಾರಿಗೂ ನೆನಪಾಗಲಿಲ್ಲ, ಅಷ್ಟೆ.

ಆ ಸುಳ್ಳು ಬೇಗ ಊರು ಸುತ್ತಿತು. ಶಾಲೆಯಲ್ಲಿ ನಾನು ವಿಮಾನದ ಗಿರ್ಜಿ ಆದೆ. ಒಡವೆ ತೊಳೆಸಲು ಬಂದ ಹೆಂಗಸರು ನನ್ನ ಕೈಗೆ ನೀರಿನ ಲೋಟ ವಾಪಸು ಕೊಡುವಾಗಲೂ ನಗುತ್ತಿದ್ದರು, ‘ಉಜ್ಜಿ ತೂತು ಮಾಡ್ಬುಟ್ಟೀಯ ಕಣೆ’ ಅಂತ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಅಪ್ಪನೇ ಈ ಕತೆಯನ್ನು ತಮಾಷೆಯಾಗಿ ಹೇಳಿದ. ಹೇಳಿ ಹೇಳಿ ಅದಕ್ಕೆ ಕೈಕಾಲು ಮೂಡಿದವು: ನಾನು ಹೇಗೆ ಕದ್ದು ಬಾಣಲೆ ಏರಿಸಿದೆ, ಅಪ್ಪ ಹೇಗೆ ಬಸ್ಸಿಳಿದು ಬಂದು ನೋಡಿದ, ಹೇಗೆ ತಲೆ ಚಚ್ಚಿಕೊಂಡ. ನಾನು ಕಾಫಿ ಹಿಡಿದು ನಿಂತು ಕೇಳುತ್ತಿದ್ದೆ. ಅವತ್ತಿನಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಯಾರಾದರೂ ನನ್ನನ್ನು ಬೈದರೆ, ಯಾರ ಮಾನ ಉಳಿಸಲು ಇವರು ಬೈಯುತ್ತಿದ್ದಾರೆ ಅಂತ ಮೊದಲು ಹುಡುಕುತ್ತೇನೆ. ಹೊಗಳಿದರೆ ನಂಬುವುದೇ ಇಲ್ಲ. ನನ್ನದು ಕಹಿ ನಾಲಿಗೆ ಅಂತ ಗಂಡನ ಮನೆಯವರು ಹೇಳುತ್ತಾರೆ. ಇರಬಹುದು, ನಾನು ಹುಟ್ಟುವಾಗ ಅದು ಹಾಗಿರಲಿಲ್ಲ.

ನಾನು ಮದುವೆಯಾಗಿ ಕೆ.ಆರ್.ಪೇಟೆಗೆ ಬಂದು ಎಷ್ಟೋ ವರ್ಷದ ಮೇಲೆ ಅಪ್ಪ ಧೈರ್ಯ ಮಾಡಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡ. ಅಷ್ಟರಲ್ಲಿ ಅಜ್ಜಿಯೂ ಇರಲಿಲ್ಲ, ಅವ್ವನೂ ಇರಲಿಲ್ಲ. ಹಸಿರು ಪಟ್ಟಿ ಬಿಚ್ಚಿದ ಮೇಲೆ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದ. ಒಂದು ಮಧ್ಯಾಹ್ನ ನಾನು ಜಗಲಿಯಲ್ಲಿ ಕೂತು ಯಾರದೋ ಮದುವೆ ರವಿಕೆಗೆ ಮಣಿ ಹೊಲಿಯುತ್ತಿದ್ದೆ. ಅದು ಈಗ ನನ್ನ ಕಸುಬು. ಅಪ್ಪ ಬಗ್ಗಿ ನೋಡಿದ. ಹತ್ತಿರದಿಂದ, ಗೀರುಗೀರೂ ಕಾಣುವ ಹೊಸ ಕಣ್ಣಿನಿಂದ, ಮೊದಲ ಸಲ ನನ್ನ ಕೈಕೆಲಸ ನೋಡಿದ.

“ಏನ್ ಕೈ ಕಣವ್ವ ನಿಂದು! ಅವತ್ತು ನೀನು ಆ ಅಲಗೆಯ ಉಜ್ಜದೆ ಇದ್ದಿದ್ರೆ, ನಿನ್ನ ಚಿನ್ನಕ್ಕೇ ಕೂರುಸ್ತಿದ್ದೆ ನಾನು.”

ನಾನು ಸೂಜಿ ನಿಲ್ಲಿಸಿ ಅವನ ಮುಖ ನೋಡಿದೆ. ತಮಾಷೆ ಇರಲಿಲ್ಲ. ಸುಳ್ಳೂ ಇರಲಿಲ್ಲ. ನಿಜವಾಗಲೂ ನೊಂದುಕೊಂಡು ಹೇಳುತ್ತಿದ್ದ.

“ಅಪ್ಪ, ನಾನು ಗುಡ್ಲಲ್ಲಿ ಕುಂತಿದ್ದೆ. ಉಜ್ಜಿದ್ದು ನೀನು. ಬ್ಯಾಡ ಅಂತ ಕೂಗ್ಕೊಂಡೆ ನಾನು.”

ಅಪ್ಪನ ಕಣ್ಣಲ್ಲಿ ನೀರು ಬಂತು. ಕೈ ಚಾಚಿ ನನ್ನ ತಲೆ ಸವರಿದ.

“ಓಗ್ಲಿ ಬುಡು ಮಗ, ಅದ್ನ ಇನ್ನೂ ಯಾಕ್ ಮನ್ಸಿಗ್ ಅಚ್ಕೊಂಡೀಯ? ನಾನು ನಿನ್ನ ಅವತ್ತೇ ಚಮಿಸ್ಬುಟ್ಟೆ.”